ನರ್ಸಿಂಗ್ ಮಕ್ಕಳಿಗೆ ವಿ.ಆರ್. ತರಬೇತಿ: ಕೇಸ್ ಮೊದಲು, ಹೆಡ್‌ಸೆಟ್ ಆಮೇಲೆ

ಕಾಸರಗೋಡಿನ ಕಡೆ ನರ್ಸಿಂಗ್ ಕಲಿಸುವವರಿಗೆಲ್ಲ ಈ ಕಷ್ಟ ಗೊತ್ತಿದೆ. ಮಕ್ಕಳನ್ನು ವಾರಗಟ್ಟಲೆ ಕ್ಯಾಶುವಾಲ್ಟಿಗೆ, ಅಂದರೆ ತುರ್ತು ಚಿಕಿತ್ಸೆಯ ವಿಭಾಗಕ್ಕೆ, ಪೋಸ್ಟಿಂಗ್ ಹಾಕುತ್ತೇವೆ. ಒಬ್ಬಳಿಗೆ ಮೊದಲ ರಾತ್ರಿಯೇ ಹಾವು ಕಡಿದ ಕೇಸ್ ಸಿಗುತ್ತದೆ. ಇನ್ನೊಬ್ಬಳಿಗೆ ಪೋಸ್ಟಿಂಗ್ ಮುಗಿದರೂ ಸಿಗುವುದಿಲ್ಲ. ಸಿಕ್ಕಿದವಳೂ ಹೆಚ್ಚಾಗಿ ಗೋಡೆಗೆ ಒರಗಿ ನಿಂತು ನೋಡಿರುತ್ತಾಳೆ ಅಷ್ಟೆ. ರೋಗಿಯ ಜೀವ ಅಲ್ಲಾಡುವ ಹೊತ್ತಿನಲ್ಲಿ ಎರಡನೇ ವರ್ಷದ ಹುಡುಗಿಯ ಕೈಗೆ ಯಾರೂ ಕೆಲಸ ಕೊಡುವುದಿಲ್ಲ, ಕೊಡಲೂ ಬಾರದು. ಆದರೆ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಅದೇ ಹುಡುಗಿ ನೈಟ್ ಡ್ಯೂಟಿಯಲ್ಲಿ ಒಬ್ಬಳೇ ನಿಂತಿರುತ್ತಾಳೆ.

ಈ ಖಾಲಿ ಜಾಗದಲ್ಲಿ ವಿ.ಆರ್., ಅಂದರೆ ವರ್ಚುವಲ್ ರಿಯಾಲಿಟಿ, ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಹೆಡ್‌ಸೆಟ್ ಹಾಕಿದರೆ ಸುತ್ತಲೂ ವಾರ್ಡ್, ಎದುರಿಗೆ ರೋಗಿ, ಪಕ್ಕದಲ್ಲಿ ಮಾನಿಟರ್. ತಪ್ಪಿದರೆ ಯಾರ ಜೀವಕ್ಕೂ ಅಪಾಯವಿಲ್ಲ. ಮತ್ತೆ ಮೊದಲಿಂದ ಶುರು ಮಾಡಬಹುದು. ಆದರೆ ಅನುದಾನ ಬಂತು ಅಂತ ಮೊದಲು ಹೆಡ್‌ಸೆಟ್ ತಂದು, ಏನು ಕಲಿಸುವುದು ಅಂತ ಆಮೇಲೆ ಯೋಚಿಸಿದರೆ ಅದು ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಹಾಗಾಗಿ ಇಲ್ಲಿನ ಹೆಜ್ಜೆಗಳಲ್ಲಿ ಕೇಸ್ ಮೊದಲು ಬರುತ್ತದೆ, ಯಂತ್ರ ನಂತರ. ಅತಿ ಹೆಚ್ಚು ಸಮಯ ಹೋಗಬೇಕಾದದ್ದು ಹೆಡ್‌ಸೆಟ್ ತೆಗೆದ ಮೇಲೆ ಕೂತು ಆಡುವ ಮಾತಿಗೆ.

ಶುರು ಮಾಡುವ ಮುಂಚೆ

ನರ್ಸಿಂಗಿನಲ್ಲಿ ಡಮ್ಮಿ ರೋಗಿ ಹೊಸ ವಿಷಯವಲ್ಲ. 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಮಾರ್ಥಾ ಚೇಸ್ ಎಂಬ ಗೊಂಬೆ ತಯಾರಕಿ ಆಳೆತ್ತರದ ಡಮ್ಮಿ ಮಾಡಿಕೊಟ್ಟರು. ಸಿ.ಪಿ.ಆರ್., ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿಸುವ ‘ರೆಸಸಿ ಆ್ಯನ್’ ಡಮ್ಮಿ ನಾರ್ವೆಯಿಂದ ಬಂದದ್ದು 1960ರಲ್ಲಿ. ವಿ.ಆರ್. ಇದೇ ದಾರಿಯ ಮುಂದಿನ ತಿರುವು.

ಇದರಿಂದ ನಿಜಕ್ಕೂ ಕಲಿಯುತ್ತಾರಾ ಅಂತ ಮ್ಯಾನೇಜ್‌ಮೆಂಟಿನವರು ಕೇಳುತ್ತಾರೆ. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 10 ನರ್ಸಿಂಗ್ ಶಾಲೆಗಳಲ್ಲಿ ನಡೆಸಿದ ದೊಡ್ಡ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕ್ಲಿನಿಕಲ್ ಗಂಟೆಗಳಲ್ಲಿ (ಆಸ್ಪತ್ರೆಯಲ್ಲಿ ಕಲಿಯುವ ಸಮಯದಲ್ಲಿ) ಅರ್ಧದವರೆಗೆ ಒಳ್ಳೆಯ ಗುಣಮಟ್ಟದ ಸಿಮ್ಯುಲೇಷನ್, ಅಂದರೆ ನಿಜದಂತೆ ಕಟ್ಟಿದ ಸನ್ನಿವೇಶದ ಅಭ್ಯಾಸ, ಕೊಟ್ಟರೂ ಕಲಿಕೆ ಕಡಿಮೆಯಾಗಲಿಲ್ಲ ಅಂತ ಅದರಲ್ಲಿ ಕಂಡಿತು. ಇದನ್ನು ಹೇಳುವಾಗ ಪೂರ್ತಿ ಹೇಳಿ. ಅಲ್ಲಿ ಬಳಸಿದ್ದು ಮುಖ್ಯವಾಗಿ ಡಮ್ಮಿ ಮತ್ತು ರೋಗಿಯ ಪಾತ್ರ ಮಾಡುವ ಜನ, ಹೆಡ್‌ಸೆಟ್ ಅಲ್ಲ. ಜೊತೆಗೆ ಅಲ್ಲಿನ ಶಿಕ್ಷಕರಿಗೆ ಮೊದಲೇ ಸರಿಯಾದ ತರಬೇತಿ ಕೊಟ್ಟಿದ್ದರು. ಆ ತರಬೇತಿ ಬಿಟ್ಟು ಬರೀ ಯಂತ್ರ ತಂದರೆ ಅದೇ ಫಲ ಸಿಗುತ್ತದೆ ಅಂತ ನಂಬಬೇಡಿ.

ಭಾರತೀಯ ನರ್ಸಿಂಗ್ ಕೌನ್ಸಿಲಿನ ಹೊಸ ಬಿ.ಎಸ್ಸಿ. ಪಠ್ಯಕ್ರಮ ಸಿಮ್ಯುಲೇಷನ್‌ಗೆ ಜಾಗ ಕೊಟ್ಟಿದೆ. ಗುರುಗ್ರಾಮದ ಎಸ್.ಜಿ.ಟಿ. ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ತರಬೇತಿಗಾಗಿ ರಾಷ್ಟ್ರಮಟ್ಟದ ಸಿಮ್ಯುಲೇಷನ್ ಕೇಂದ್ರವೂ ಇದೆ. ನೀವು ಕೇರಳ ಆರೋಗ್ಯ ವಿಶ್ವವಿದ್ಯಾಲಯದ ಕೆಳಗಿದ್ದರೂ, ಮಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿದ್ದರೂ, ಯಾವ ವಿಷಯದಲ್ಲಿ ಎಷ್ಟು ಗಂಟೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಸಿಲೆಬಸ್ ತೆರೆದು ಮೊದಲೇ ನೋಡಿಕೊಳ್ಳಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ವಿ.ಆರ್. ಕೈಗೆ ಕೆಲಸ ಕಲಿಸುವುದಿಲ್ಲ. ಬೆರಳಿಗೆ ನರ ಸಿಕ್ಕಿದ ಅನುಭವ, ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂಬ ಗುರುತು, ಹಾಸಿಗೆ ಹಿಡಿದವರನ್ನು ಮಗ್ಗುಲು ತಿರುಗಿಸುವಾಗಿನ ಭಾರ ಇವೆಲ್ಲ ಅದರಲ್ಲಿ ಬರುವುದಿಲ್ಲ. ಅದು ಕಲಿಸುವುದು ಕಣ್ಣು, ಕಿವಿ ಮತ್ತು ತಲೆಗೆ. ಯಾವುದನ್ನು ಮೊದಲು ಗಮನಿಸಬೇಕು, ಯಾವುದು ಕಾಯಬಹುದು, ಯಾರನ್ನು ಯಾವಾಗ ಕರೆಯಬೇಕು, ಗಾಬರಿಯಾದ ಮನೆಯವರಿಗೆ ಏನು ಹೇಳಬೇಕು. ಇಷ್ಟು ಕಲಿಸಿದರೆ ಅದೇ ದೊಡ್ಡದು.

ಹೆಜ್ಜೆ 1: ಒಂದೇ ಒಂದು ಕೇಸ್ ಆರಿಸಿ

ಕ್ಯಾಶುವಾಲ್ಟಿ ಮತ್ತು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗಳ ಜೊತೆ ಕೂತು ಕೇಳಿ: ‘ಹೊಸದಾಗಿ ಸೇರಿದ ನರ್ಸ್‌ಗಳು ಎಲ್ಲಿ ತಡವರಿಸುತ್ತಾರೆ?’ ಅವರ ಉತ್ತರವೇ ನಿಮ್ಮ ಪಟ್ಟಿ. ರಕ್ತ ಕೊಡುವಾಗ ಆಗುವ ರಿಯಾಕ್ಷನ್, ಹೆರಿಗೆಯ ನಂತರದ ರಕ್ತಸ್ರಾವ, ಶುಗರ್ 70ಕ್ಕಿಂತ ಕೆಳಗೆ ಇಳಿದು ಮಂಕಾದ ರೋಗಿ, ಜ್ವರದಲ್ಲಿ ಫಿಟ್ಸ್ ಬಂದ ಮಗು ಇಂಥವು ಬರುತ್ತವೆ. ಅಪರೂಪಕ್ಕೆ ಬರುವ, ಬಂದರೆ ಸಮಯವೇ ಕೊಡದ ಕೇಸ್‌ಗಳೇ ವಿ.ಆರ್.ಗೆ ಸರಿ. ದಿನಾ ವಾರ್ಡಿನಲ್ಲಿ ಸಿಗುವ ಬಿ.ಪಿ. ನೋಡುವುದು, ಬೆಡ್ ಮಾಡುವುದಕ್ಕೆ ಸುಮ್ನೆ ಹೆಡ್‌ಸೆಟ್ ಹಾಕಿಸಬೇಡಿ.

ನಮ್ಮ ಜಿಲ್ಲೆಗೆ ನಾನು ಮೊದಲು ಆರಿಸುವುದು ಹಾವು ಕಡಿತವನ್ನು. ಮಳೆಗಾಲದಲ್ಲಿ ಅಡಿಕೆ ತೋಟ, ಹುಲ್ಲು, ಗದ್ದೆಯ ಬದು ಎಲ್ಲ ಇರುವ ಊರು ನಮ್ಮದು. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಒಳಗಿನ ಮನೆಯಿಂದ ದೊಡ್ಡ ಆಸ್ಪತ್ರೆಗೆ ಬರುವಷ್ಟರಲ್ಲಿ ಅಮೂಲ್ಯ ಸಮಯ ಹೋಗಿರುತ್ತದೆ.

ಕೇಸ್ ಆರಿಸಿದ ಮೇಲೆ ಮೂರು ಗುರಿ ಬರೆಯಿರಿ. ನಾಲ್ಕನೆಯದು ಬೇಡ. ಹಾವು ಕಡಿತಕ್ಕೆ ನನ್ನ ಮೂರು ಗುರಿ ಇವು: ವಿಷ ಏರಿದ ಗುರುತನ್ನು ತಾನೇ ಕಂಡುಹಿಡಿಯಬೇಕು, ಆ್ಯಂಟಿ ವೆನಮ್ (ಹಾವಿನ ವಿಷಕ್ಕೆ ಕೊಡುವ ಔಷಧಿ) ಹೋಗುತ್ತಿರುವಾಗ ರಿಯಾಕ್ಷನ್ ಬಂದರೆ ಗುರುತಿಸಿ ತಕ್ಷಣ ನಿಲ್ಲಿಸಬೇಕು, ಡಾಕ್ಟರಿಗೆ ಫೋನಿನಲ್ಲಿ ಕ್ರಮವಾಗಿ ವಿಷಯ ಹೇಳಬೇಕು.

ಹೆಜ್ಜೆ 2: ಕೇಸ್ ಬರೆಯಿರಿ, ನಿಮ್ಮ ಊರಿನ ರೋಗಿಯನ್ನು ಬರೆಯಿರಿ

ಇಲ್ಲಿ ಆತುರ ಮಾಡಬೇಡಿ. ವಾರ ಹಿಡಿದರೂ ಹಿಡಿಯಲಿ.

ಪೇಟೆಯಲ್ಲಿ ಸಿಗುವ ಸಿದ್ಧ ಸಾಫ್ಟ್‌ವೇರಿನ ರೋಗಿ ಇಂಗ್ಲಿಷ್ ಮಾತಾಡುತ್ತಾನೆ. ಒಂದರಿಂದ ಹತ್ತರವರೆಗೆ ನೋವು ಎಷ್ಟು ಅಂದರೆ ಸರಿಯಾಗಿ ‘ಏಳು’ ಅನ್ನುತ್ತಾನೆ. ನಮ್ಮ ರೋಗಿ ಹಾಗಲ್ಲವಲ್ಲ? ಅವರು ತುಳು ಮಾತಾಡುತ್ತಾರೆ, ಬ್ಯಾರಿ ಮಾತಾಡುತ್ತಾರೆ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಮಾತಾಡುತ್ತಾರೆ. ವಾರ್ಡಿನ ಕೇಸ್ ಶೀಟ್ ಇಂಗ್ಲಿಷಿನಲ್ಲಿ, ಸಿಸ್ಟರ್‌ಗಳ ಮಾತು ಮಲಯಾಳದಲ್ಲಿ. ಮಂಜೇಶ್ವರದ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿಗೆ ಈ ಭಾಷೆಗಳ ನಡುವೆ ಓಡಾಡುವುದೂ ನರ್ಸಿಂಗ್ ಕೆಲಸದ ಭಾಗವೇ. ಅದು ಕೇಸಿನೊಳಗೆ ಇರಲೇಬೇಕು.

ನಮ್ಮ ಕೇಸ್ ಹೀಗೆ ಶುರುವಾಗಲಿ. ಜುಲೈ ತಿಂಗಳು, ರಾತ್ರಿ ಎಂಟೂವರೆ. 52 ವರ್ಷದ ಕೃಷಿಕ. ಸಂಜೆ ತೋಟದಲ್ಲಿ ಬಿದ್ದ ಸೋಗೆ ಎಳೆಯುವಾಗ ಬಲಗಾಲಿಗೆ ಏನೋ ಕಚ್ಚಿದೆ. ಮನೆಯವರು ಮೊಣಕಾಲಿನ ಕೆಳಗೆ ಬೈರಾಸು (ಟವೆಲು) ಬಿಗಿದು ಕಟ್ಟಿದ್ದಾರೆ. ಗಾಯದ ಮೇಲೆ ಯಾವುದೋ ಸೊಪ್ಪು ಅರೆದು ಹಚ್ಚಿದ್ದಾರೆ. ಹೆಂಡತಿ ಜೊತೆಗಿದ್ದಾರೆ, ತುಳು ಮಾತ್ರ ಬರುತ್ತದೆ. ‘ಹಾವು ನೋಡಿದ್ರಾ?’ ಅಂದರೆ ರೋಗಿ ‘ಕತ್ತಲೆ ಅಲ್ವಾ ಸಿಸ್ಟರ್, ಸರಿ ಕಾಣ್ಲಿಲ್ಲ’ ಅನ್ನುತ್ತಾರೆ.

ಇನ್ನು ನಿಮಿಷ ನಿಮಿಷದ ಪಟ್ಟಿ ಮಾಡಿ. ಮೊದಲ ಎರಡು ನಿಮಿಷದಲ್ಲಿ ವಿದ್ಯಾರ್ಥಿನಿ ಉಸಿರು, ನಾಡಿ, ಬಿ.ಪಿ. ನೋಡಬೇಕು, ಕಾಲು ಅಲ್ಲಾಡದಂತೆ ಮಲಗಿಸಬೇಕು. ಕಟ್ಟಿದ ಬೈರಾಸನ್ನು ಕಂಡ ಕೂಡಲೇ ಬಿಚ್ಚಬಾರದು. ಡಾಕ್ಟರಿಗೆ ತಿಳಿಸಿ, ತುರ್ತು ಔಷಧಿ ಕೈಗೆ ಸಿಗುವಂತೆ ಇಟ್ಟುಕೊಂಡ ಮೇಲೆ ಅವರ ಮಾತಿನಂತೆ ಮಾಡಬೇಕು. ನಾಲ್ಕನೇ ನಿಮಿಷದಲ್ಲಿ ರೋಗಿ ಮೆಲ್ಲ ಒಂದು ಮಾತು ಹೇಳುತ್ತಾರೆ: ‘ವಸಡಲ್ಲಿ ರಕ್ತ ಬಂದ ಹಾಗೆ ಉಂಟು.’ ಕೇಸಿನ ತಿರುವು ಇಲ್ಲೇ ಇದೆ. ಕೊಳಕು ಮಂಡಲ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಆ ಮಾತನ್ನು ಕಿವಿಗೆ ಹಾಕಿಕೊಂಡವಳು ಬಾಯಿ ತೆರೆಸಿ ನೋಡುತ್ತಾಳೆ. ಮಾನಿಟರಿನಲ್ಲೇ ಕಣ್ಣು ನೆಟ್ಟವಳು ದಾಟಿ ಹೋಗುತ್ತಾಳೆ.

ಆಮೇಲೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಒಣಗಿದ ಶುಭ್ರವಾದ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ, 20 ನಿಮಿಷ ಅಲ್ಲಾಡಿಸದೆ ಇಡುವುದು, ಒಂದೇ ಸಲ ಓರೆ ಮಾಡಿ ನೋಡುವುದು. ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬೂ ಆಗದು, ಫಲಿತಾಂಶ ತಪ್ಪುತ್ತದೆ. ವಿ.ಆರ್.ನಲ್ಲಿ ಮೇಜಿನ ಮೇಲೆ ಎರಡೂ ಬಗೆಯ ಟ್ಯೂಬ್ ಇಡಿ, ಅವಳೇ ಆರಿಸಲಿ. ಗಡಿಯಾರವನ್ನು ಮಾತ್ರ ಮುಂದಕ್ಕೆ ಓಡಿಸಬಹುದು.

ಮೂರನೇ ಭಾಗದಲ್ಲಿ ಡಾಕ್ಟರ್ ಬರೆದ ಆ್ಯಂಟಿ ವೆನಮ್ ಡ್ರಿಪ್‌ನಲ್ಲಿ ಹೋಗುತ್ತಿದೆ. ರೋಗಿ ಕುತ್ತಿಗೆ ತುರಿಸಿಕೊಳ್ಳಲು ಶುರು ಮಾಡುತ್ತಾರೆ. ಮೈಮೇಲೆ ದದ್ದು. ಉಸಿರು ಗೊರಗೊರ. ಬಿ.ಪಿ. ಇಳಿಯುತ್ತಿದೆ. ಈ ಔಷಧಿ ಕುದುರೆಯ ರಕ್ತದಿಂದ ತಯಾರಾದದ್ದು, ರಿಯಾಕ್ಷನ್ ಅಪರೂಪವೇನಲ್ಲ. ಡ್ರಿಪ್ ನಿಲ್ಲಿಸುವುದು, ಡಾಕ್ಟರನ್ನು ಕರೆಯುವುದು, ಆರ್ಡರ್ ಪ್ರಕಾರ ಅಡ್ರಿನಲಿನ್ 0.5 ಮಿ.ಗ್ರಾಂ. ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವುದು. ಇಲ್ಲಿ ಅರ್ಧ ನಿಮಿಷದ ತಡವೂ ಕಾಣಿಸಬೇಕು.

ಕೊನೆಯದು ಫೋನ್. ಕೇಸ್ ದೊಡ್ಡ ಆಸ್ಪತ್ರೆಗೆ ಹೋಗಬೇಕು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜನ ಹೇಗೆ ಒದ್ದಾಡಿದರು ಎಂಬುದು ಇಲ್ಲಿ ಯಾರಿಗೂ ಮರೆತಿಲ್ಲ. ಹತ್ತಿರದ ಆಸ್ಪತ್ರೆಯ ಮೊದಲ ಗಂಟೆ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು. ತಾನು ಯಾರು, ರೋಗಿ ಯಾರು, ಏನಾಗಿದೆ, ಹಿಂದಿನ ವಿಷಯ ಏನು, ಈಗ ಹೇಗಿದ್ದಾರೆ, ಏನು ಬೇಕು ಎಂಬ ಐಸ್‌ಬಾರ್ (ISBAR) ಕ್ರಮದಲ್ಲಿ ಒಂದು ನಿಮಿಷದೊಳಗೆ ಹೇಳಿ ಮುಗಿಸಬೇಕು.

ಸೊಪ್ಪು ಅರೆದು ಹಚ್ಚಿದ ಭಾಗವನ್ನು ಬೇಕೆಂದೇ ಇಟ್ಟಿದ್ದೇನೆ. ನಮ್ಮಲ್ಲಿ ವಿಷ ವೈದ್ಯರ ಮೇಲೆ ಹಿರಿಯರಿಗೆ ನಂಬಿಕೆ ಇದೆ. ‘ಇದೆಲ್ಲ ಯಾಕೆ ಮಾಡಿದ್ದು?’ ಅಂತ ಗದರಿದರೆ ಮನೆಯವರು ಮುಂದಿನ ಮಾಹಿತಿ ಮುಚ್ಚಿಡುತ್ತಾರೆ. ‘ಅಕ್ಕಾ, ಏನು ಹಚ್ಚಿದ್ದೀರಿ, ಕುಡಿಯಲಿಕ್ಕೆ ಏನಾದರೂ ಕೊಟ್ಟಿದ್ದೀರಾ?’ ಅಂತ ಮೆಲ್ಲ ಕೇಳುವುದಕ್ಕೂ ನೋಡುವವರು ತುಂಬುವ ಚೆಕ್‌ಲಿಸ್ಟಿನಲ್ಲಿ ಒಂದು ಸಾಲು ಇರಲಿ.

ಬರೆದು ಮುಗಿದ ಮೇಲೆ ಕ್ಯಾಶುವಾಲ್ಟಿ ಡಾಕ್ಟರ್ ಒಬ್ಬರಿಂದ ಓದಿಸಿ. ಡೋಸ್, ಕ್ರಮ ಎಲ್ಲವೂ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲಿಗೆ ಹೊಂದಬೇಕು. ಉದಾಹರಣೆಗೆ, ಪಶ್ಚಿಮ ಘಟ್ಟದ ಬದಿಯಲ್ಲಿ ಇರುವ ಹಂಪ್ ನೋಸ್ಡ್ ಪಿಟ್ ವೈಪರ್ ಹಾವಿನ ವಿಷಕ್ಕೆ ನಮ್ಮಲ್ಲಿ ಸಿಗುವ ಆ್ಯಂಟಿ ವೆನಮ್ ಕೆಲಸ ಮಾಡುವುದಿಲ್ಲ. ಇಂಥ ಸೂಕ್ಷ್ಮಗಳನ್ನು ಡಾಕ್ಟರ್ ಜೊತೆ ಕೂತೇ ಸೇರಿಸಬೇಕು.

ಹೆಜ್ಜೆ 3: ಈಗ ಸಾಮಾನಿನ ವಿಷಯ

ದಾರಿ ಮೂರು ಇದೆ. ತೀರಾ ಅಗ್ಗದ್ದು ಮೊಬೈಲ್ ಇಟ್ಟು ನೋಡುವ ರಟ್ಟಿನ ಪೆಟ್ಟಿಗೆ. ಗೂಗಲ್ 2014ರಲ್ಲಿ ತೋರಿಸಿದ ಕಾರ್ಡ್‌ಬೋರ್ಡ್ ಇದೇ. ಸುತ್ತಲೂ ನೋಡಬಹುದು, ಏನನ್ನೂ ಹಿಡಿಯಲಾಗದು. ಮೊಬೈಲಿನಲ್ಲಿ ಜೈರೋಸ್ಕೋಪ್ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಅದು ಇರುವುದಿಲ್ಲ, ತಲೆ ತಿರುಗಿಸಿದರೂ ಚಿತ್ರ ತಿರುಗುವುದಿಲ್ಲ. ಎರಡನೆಯದು ಕಂಪ್ಯೂಟರ್ ಬೇಡದ ಹೆಡ್‌ಸೆಟ್, ಮೆಟಾ ಕ್ವೆಸ್ಟ್, ಪೀಕೋ ಮುಂತಾದವು. ಎರಡು ಕೈಗೆ ಎರಡು ಕಂಟ್ರೋಲರ್, ಹೊರಗಿನ ಟಿ.ವಿ.ಗೂ ಚಿತ್ರ ಕಳಿಸಬಹುದು. ಮೂರನೆಯದು ದುಬಾರಿ ಕಂಪ್ಯೂಟರಿಗೆ ಜೋಡಿಸುವ ಹೆಡ್‌ಸೆಟ್, ಅದರ ಸುದ್ದಿ ಈಗ ಬೇಡ.

ನನ್ನ ಸಲಹೆ: ಎರಡನೆಯ ಬಗೆಯ ಎರಡು ಹೆಡ್‌ಸೆಟ್, ಜೊತೆಗೆ ಒಂದು ದೊಡ್ಡ ಟಿ.ವಿ. ಇಪ್ಪತ್ತು ಹೆಡ್‌ಸೆಟ್ ತೆಗೆದುಕೊಳ್ಳಿ ಅಂತ ಒತ್ತಾಯಿಸುವವರ ಮಾತು ಕೇಳಬೇಡಿ. ಇಪ್ಪತ್ತು ಮಂದಿಯನ್ನು ಒಟ್ಟಿಗೆ ಗಮನಿಸಿ ಆಮೇಲೆ ಚರ್ಚೆ ನಡೆಸುವಷ್ಟು ಶಿಕ್ಷಕರು ನಿಮ್ಮಲ್ಲಿ ಇದ್ದಾರಾ?

ಯೂಬಿಸಿಮ್, ಆಕ್ಸ್‌ಫರ್ಡ್ ಮೆಡಿಕಲ್ ಸಿಮ್ಯುಲೇಷನ್ ಇಂಥ ಸಿದ್ಧ ಸಾಫ್ಟ್‌ವೇರ್‌ಗಳು ಚೆನ್ನಾಗಿವೆ. ಆದರೆ ಲೈಸೆನ್ಸ್ ಸಾಮಾನ್ಯವಾಗಿ ವರ್ಷ ವರ್ಷ ಕಟ್ಟುವಂಥದ್ದು. ಹೆಡ್‌ಸೆಟ್ ಬೆಲೆ ಒಂದು ಸಲದ್ದು, ಲೈಸೆನ್ಸ್ ಹಣ ಪ್ರತಿ ವರ್ಷದ್ದು. ಮಾರಲು ಬಂದವರಿಗೆ ಇದನ್ನೆಲ್ಲ ಕೇಳಿ: ಲೈಸೆನ್ಸ್ ಹೆಡ್‌ಸೆಟ್‌ಗೋ, ವಿದ್ಯಾರ್ಥಿಗೋ? ನೆಟ್ ಇಲ್ಲದೆ ನಡೆಯುತ್ತದಾ? ರೋಗಿಯ ಮಾತನ್ನು ನಾವೇ ನಮ್ಮ ಭಾಷೆಯಲ್ಲಿ ಸೇರಿಸಬಹುದಾ? ಔಷಧಿ ಹೆಸರು, ಅಳತೆ ನಮ್ಮ ದೇಶದ್ದಾ? ಮಕ್ಕಳ ಅಂಕ, ಧ್ವನಿ ಯಾವ ಸರ್ವರಿಗೆ ಹೋಗುತ್ತದೆ? ತಿಂಗಳು ಬಳಸಿ ನೋಡಲು ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ಇಲ್ಲ ಅಂದರೆ ಬೇರೆಯವರನ್ನು ನೋಡಿ.

ಹೆಜ್ಜೆ 4: ನಿಮ್ಮದೇ 360 ಡಿಗ್ರಿ ವಿಡಿಯೊ ಮಾಡಿ

ನಮ್ಮ ಭಾಷೆಯ ರೋಗಿ ಯಾವ ಕಂಪನಿಯಲ್ಲೂ ಸಿಗುವುದಿಲ್ಲ. ನಾವೇ ಮಾಡಬೇಕು, ಮಾಡಲು ಆಗುತ್ತದೆ ಕೂಡ. ಇನ್‌ಸ್ಟಾ360, ರೈಕೋ ಥೀಟಾ ಇಂಥ ಕ್ಯಾಮೆರಾ ಸುತ್ತಲಿನ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. 5.7ಕೆ ಅಥವಾ ಅದಕ್ಕಿಂತ ಜಾಸ್ತಿ ಗುಣಮಟ್ಟ ಇರಲಿ. ಚಿತ್ರ ಪೂರ್ತಿ ಗೋಳದ ಮೇಲೆ ಹರಡುವುದರಿಂದ 4ಕೆ ಕೂಡ ಹೆಡ್‌ಸೆಟ್‌ನಲ್ಲಿ ಮಸುಕಾಗಿ ಕಾಣುತ್ತದೆ.

ಸ್ಕಿಲ್ ಲ್ಯಾಬಿನಲ್ಲೇ ಒಂದು ಬೆಡ್ಡು, ಡ್ರಿಪ್ ಸ್ಟ್ಯಾಂಡ್, ಟ್ರಾಲಿ ಇಟ್ಟು ಶೂಟ್ ಮಾಡಿ. ನಿಜವಾದ ವಾರ್ಡಿನಲ್ಲಿ, ನಿಜವಾದ ರೋಗಿಯನ್ನು ಹಿಡಿಯಲೇಬೇಡಿ. ಕ್ಯಾಮೆರಾ ಎಲ್ಲ ದಿಕ್ಕಿಗೂ ನೋಡುತ್ತಿರುತ್ತದೆ, ಆಚೆ ಬೆಡ್ಡಿನವರ ಮುಖವೂ ಅದರೊಳಗೆ ಬಂದುಬಿಡುತ್ತದೆ. ರೋಗಿಯ ಪಾತ್ರಕ್ಕೆ ಊರಿನ ಯಕ್ಷಗಾನ, ನಾಟಕದವರನ್ನು ಕೇಳಿ ನೋಡಿ. ಕಾಸರಗೋಡಿನಲ್ಲಿ ಅಂಥವರಿಗೆ ಬರವೇ? ನೋವನ್ನು ಅತಿ ಮಾಡದೆ ತೋರಿಸುವವರು ಸಿಕ್ಕರೆ ನಿಮ್ಮ ವಿಡಿಯೊಗೆ ಜೀವ ಬರುತ್ತದೆ. ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಕ್ಯಾಮೆರಾ ಸ್ಟ್ಯಾಂಡನ್ನು ಬೆಡ್ಡಿನ ಪಕ್ಕ, ನಿಂತ ನರ್ಸಿನ ಕಣ್ಣಿನ ಎತ್ತರಕ್ಕೆ ಇಡಿ, ಸುಮಾರು ಐದಡಿ. ಶೂಟ್ ಮುಗಿಯುವ ತನಕ ಕ್ಯಾಮೆರಾ ಅಲುಗಾಡಬಾರದು. ಕ್ಯಾಮೆರಾ ನಡೆದರೆ ನೋಡುವವರಿಗೆ ವಾಂತಿ ಬಂದ ಹಾಗೆ ಆಗುತ್ತದೆ. ಪಾತ್ರದವರು ಒಂದು ಮೀಟರಿಗಿಂತ ಹತ್ತಿರ ಬರಬಾರದು. ಎರಡು ಲೆನ್ಸ್‌ಗಳ ಚಿತ್ರ ಕೂಡುವ ಗೆರೆಯ ಮೇಲೆ ರೋಗಿಯ ಮುಖ ಬಂದರೆ ಮುಖ ಎರಡಾಗಿ ಕಾಣುತ್ತದೆ. ಶೂಟ್ ಮಾಡುವವರು ಕೋಣೆಯಿಂದ ಹೊರಗೆ ಹೋಗಬೇಕು. ಫ್ಯಾನ್ ಆಫ್ ಮಾಡಿ, ರೋಗಿಯ ಬಟ್ಟೆಯೊಳಗೆ ಬೇರೆ ಮೈಕ್ ಇಡಿ. ಮಾನಿಟರಿನ ಅಂಕಿ ವಿಡಿಯೊದಲ್ಲಿ ಓದಲು ಬರುವುದಿಲ್ಲ, ಎಡಿಟ್ ಮಾಡುವಾಗ ದೊಡ್ಡದಾಗಿ ಸೇರಿಸಿ.

ಉದ್ದದ ಒಂದೇ ವಿಡಿಯೊ ಮಾಡಬೇಡಿ. ಮೂರು ತುಂಡು, ಒಂದೊಂದು ಮೂರು ನಾಲ್ಕು ನಿಮಿಷ. ತುಂಡು ಮುಗಿದಾಗ ವಿದ್ಯಾರ್ಥಿನಿ ಜೋರಾಗಿ ಹೇಳಬೇಕು: ಏನು ಕಂಡೆ, ಈಗ ಏನು ಮಾಡುತ್ತೇನೆ, ಯಾಕೆ. ಟ್ಯೂಬ್ ಆರಿಸುವಂಥ ಕೈಕೆಲಸ 360 ವಿಡಿಯೊದಲ್ಲಿ ಆಗದು. ಅದಕ್ಕೆ ಪಕ್ಕದ ಮೇಜಿನಲ್ಲಿ ನಿಜವಾದ ಟ್ಯೂಬ್ ಇಟ್ಟು, ಹೆಡ್‌ಸೆಟ್ ತೆಗೆಸಿ ಮಾಡಿಸಿ.

ಇಂಗ್ಲಿಷ್ ಸಾಫ್ಟ್‌ವೇರ್ ಈಗಾಗಲೇ ಇದ್ದರೆ ಒಂದು ಸುಲಭದ ದಾರಿ ಇದೆ. ರೋಗಿಯ ಧ್ವನಿಯನ್ನು ಮ್ಯೂಟ್ ಮಾಡಿ, ಪಕ್ಕದಲ್ಲಿ ಕೂತ ಶಿಕ್ಷಕಿಯೋ ತುಳು ಬಲ್ಲ ವಿದ್ಯಾರ್ಥಿನಿಯೋ ರೋಗಿಯಾಗಿ ಮಾತಾಡಲಿ.

ಹೆಜ್ಜೆ 5: ಕೋಣೆ, ಮಳೆ, ಕರೆಂಟು

ಒಬ್ಬರಿಗೆ ಕನಿಷ್ಠ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಖಾಲಿ ಜಾಗ ಬೇಕು. ಸೀಲಿಂಗ್ ಫ್ಯಾನ್ ಎಷ್ಟು ಕೆಳಗಿದೆ ನೋಡಿ, ಕೈ ಎತ್ತಿದರೆ ತಾಗಬಾರದು. ಕಿಟಕಿಯ ಬಿಸಿಲು ಲೆನ್ಸ್ ಮೇಲೆ ಬಿದ್ದರೆ ಒಳಗಿನ ಪರದೆ ಸುಟ್ಟು ಹೋಗುತ್ತದೆ. ಕರ್ಟನ್ ಹಾಕಿ. ಹೆಡ್‌ಸೆಟ್‌ನ ಬ್ಯಾಟರಿ ಸಾಮಾನ್ಯವಾಗಿ ಎರಡು ಗಂಟೆ ಬರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಜಿಗೆ ಇಡಲೇಬೇಕು. ಕರೆಂಟು ಹೋದರೆ ಹೆಡ್‌ಸೆಟ್ ನಡೆಯುತ್ತದೆ, ವೈಫೈ ಮತ್ತು ಟಿ.ವಿ. ನಿಲ್ಲುತ್ತದೆ. ಅವೆರಡಕ್ಕೆ ಇನ್ವರ್ಟರ್ ಇರಲಿ. ಅಂದಿನ ಕೇಸನ್ನು ಹಿಂದಿನ ದಿನವೇ ಹೆಡ್‌ಸೆಟ್ ಒಳಗೆ ಡೌನ್‌ಲೋಡ್ ಮಾಡಿಡಿ.

ಜೂನ್ ಬಂತೆಂದರೆ ನಮ್ಮ ಕಡೆ ಪುಸ್ತಕ, ಬೆಲ್ಟು, ಚಪ್ಪಲಿಗೆಲ್ಲ ಬೂಸ್ಟು ಹಿಡಿಯುತ್ತದೆ. ಲೆನ್ಸೂ ಬಿಡುವುದಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ರಜೆಯಲ್ಲೂ ವಾರಕ್ಕೊಮ್ಮೆ ಹೊರತೆಗೆದು ಆನ್ ಮಾಡಿ.

ಹೆಜ್ಜೆ 6: ಹಾಕುವವರ ಆರೋಗ್ಯ

ಮೊದಲೇ ಒಂದು ಫಾರ್ಮ್ ತುಂಬಿಸಿ. ಫಿಟ್ಸ್ ಬಂದಿದೆಯಾ, ಮೈಗ್ರೇನ್, ತಲೆ ಸುತ್ತು, ಕಿವಿಯ ತೊಂದರೆ, ಇತ್ತೀಚೆಗೆ ಕಣ್ಣಿನ ಆಪರೇಷನ್, ಗರ್ಭಿಣಿಯೇ, ಪೇಸ್‌ಮೇಕರ್ ಇದೆಯೇ. ಫಿಟ್ಸ್ ಇದ್ದವರಿಗೆ ಡಾಕ್ಟರ್ ಒಪ್ಪದೆ ಹೆಡ್‌ಸೆಟ್ ಬೇಡ. ಉಳಿದ ತೊಂದರೆಗಳನ್ನೂ ಕೈಪಿಡಿಯ ಎಚ್ಚರಿಕೆಗೆ ಹೋಲಿಸಿ, ಅನುಮಾನ ಇದ್ದರೆ ಡಾಕ್ಟರನ್ನು ಕೇಳಿ. ಕಾರಣವನ್ನು ತರಗತಿಯ ಎದುರು ಕೇಳಬೇಡಿ. ‘ನನಗೆ ಬೇಡ’ ಅಂದವರಿಗೆ ಟಿ.ವಿ.ಯಲ್ಲಿ ನೋಡಿ ಮಾಡುವ ಅವಕಾಶ ಕೊಡಿ, ಅಂಕ ಕಡಿಮೆ ಮಾಡಬೇಡಿ.

ತಲೆ ಸುತ್ತುವುದು ಯಾಕೆಂದರೆ ಕಣ್ಣು ‘ನಡೆಯುತ್ತಿದ್ದೇನೆ’ ಅನ್ನುತ್ತದೆ, ಒಳಗಿವಿ ‘ನಿಂತಿದ್ದೇನೆ’ ಅನ್ನುತ್ತದೆ. ಸಾಫ್ಟ್‌ವೇರಿನಲ್ಲಿ ಜಾರುತ್ತಾ ನಡೆಯುವ ಬದಲು ಬೇಕಾದ ಜಾಗಕ್ಕೆ ನೇರ ಜಿಗಿಯುವ ಆಯ್ಕೆ ಇದ್ದರೆ ಅದನ್ನೇ ಹಾಕಿ. ಮೊದಲ ಸಲ ಕುರ್ಚಿಯಲ್ಲಿ ಕೂರಿಸಿ, ಐದು ನಿಮಿಷ ಸಾಕು. ಆಮೇಲೂ ಒಂದೇ ಸಲಕ್ಕೆ 15 ನಿಮಿಷ ದಾಟಿಸಬೇಡಿ. ಲೆನ್ಸ್‌ಗಳ ಅಂತರವನ್ನು ಒಬ್ಬೊಬ್ಬರ ಕಣ್ಣಿಗೆ ಸರಿ ಮಾಡಿ. ಇದನ್ನು ಬಿಟ್ಟರೆ ಮಸುಕು, ತಲೆನೋವು ಎರಡೂ ಖಚಿತ. ಬೆವರು ಬಂತು, ಬಾಯಿ ನೀರೂರಿತು ಅಂದ ಕೂಡಲೇ ತೆಗೆಸಿ.

ನಮ್ಮ ಹುಡುಗಿಯರ ತಲೆಯಲ್ಲಿ ತೆಂಗಿನೆಣ್ಣೆ ಇರುತ್ತದೆ, ಎತ್ತಿ ಕಟ್ಟಿದ ತುರುಬೂ ಇರುತ್ತದೆ. ತುರುಬು ಕೆಳಗೆ ಕಟ್ಟಿಸಿ, ಆಪರೇಷನ್ ಥಿಯೇಟರಿನಲ್ಲಿ ಹಾಕುವ ತೆಳು ಟೋಪಿ ಕೊಡಿ. ಮುಖಕ್ಕೆ ತಾಗುವ ಭಾಗಕ್ಕೆ ಒರೆಸಬಹುದಾದ ಸಿಲಿಕಾನ್ ಕವರ್ ಹಾಕಿ, ಪ್ರತಿಯೊಬ್ಬರ ನಂತರ ಕೈಪಿಡಿ ಹೇಳಿದ ದ್ರವದಲ್ಲೇ ಒರೆಸಿ. ಲೆನ್ಸಿಗೆ ಸ್ಪಿರಿಟ್ ಮುಟ್ಟಿಸಬೇಡಿ, ಒಣಗಿದ ಮೈಕ್ರೋಫೈಬರ್ ಬಟ್ಟೆ ಮಾತ್ರ. ಕೆಂಗಣ್ಣು ಹಬ್ಬಿದ ವಾರಗಳಲ್ಲಿ ತರಗತಿಯನ್ನೇ ಮುಂದೂಡಿ.

ಹೆಜ್ಜೆ 7: ಹಾಕುವ ಮುಂಚಿನ ಹತ್ತು ನಿಮಿಷ

ನಾಲ್ಕೈದು ಮಂದಿಯ ಗುಂಪು ಮಾಡಿ. ಒಬ್ಬಳು ಹೆಡ್‌ಸೆಟ್ ಹಾಕುತ್ತಾಳೆ. ಒಬ್ಬಳು ಪಕ್ಕದಲ್ಲಿ ನಿಂತು ಬೀಳದಂತೆ ನೋಡುತ್ತಾಳೆ. ಒಬ್ಬಳು ಫೋನಿನ ಆಚೆಯ ಡಾಕ್ಟರ್. ಉಳಿದವರು ಟಿ.ವಿ. ನೋಡುತ್ತಾ ಚೆಕ್‌ಲಿಸ್ಟ್ ತುಂಬುತ್ತಾರೆ. ಕೆಲಸವಿಲ್ಲದೆ ಯಾರೂ ಕೂರಬಾರದು.

ಕಂಟ್ರೋಲರ್ ಹಿಡಿಯುವುದನ್ನು ಬೇರೆ ಏನಾದರೂ ಸುಲಭದ ದೃಶ್ಯದಲ್ಲಿ ಮೊದಲು ಕಲಿಸಿ. ಬಟನ್ ಗೊತ್ತಿಲ್ಲದೆ ತಡವಾದದ್ದು ನರ್ಸಿಂಗ್ ಗೊತ್ತಿಲ್ಲದೆ ತಡವಾದ ಹಾಗೆ ಕಾಣಬಾರದು. ಆಮೇಲೆ ಮೂರು ಮಾತು ಸ್ಪಷ್ಟವಾಗಿ ಹೇಳಿ: ಇದು ಪರೀಕ್ಷೆಯಲ್ಲ, ಇಲ್ಲಿ ಆದದ್ದು ಈ ಕೋಣೆಯಲ್ಲೇ ಉಳಿಯುತ್ತದೆ, ಯಾರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಬಾರದು. ಸ್ಟೇಟಸ್ಸಿಗೆ ಹಾಕುವ ಚಟ ಈಗ ಎಲ್ಲ ಕಡೆ ಇದೆ, ಅದನ್ನು ಮೊದಲೇ ತಡೆಯಬೇಕು.

ಕೇಸ್ ನಡೆಯುವಾಗ ನೀವು ಬಾಯಿ ಮುಚ್ಚಿಕೊಂಡಿರಿ. ಕಲಿಸುವವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ‘ಬಾಯಿ ನೋಡು, ಬಾಯಿ ನೋಡು’ ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ಹೇಳಿದರೆ ಆಕೆಗೆ ಅದು ನಿಮ್ಮ ಉತ್ತರ. ಹೇಳದಿದ್ದರೆ ಚರ್ಚೆಯಲ್ಲಿ ಅವಳೇ ಕಂಡುಕೊಂಡ ಉತ್ತರ.

ಹೆಜ್ಜೆ 8: ಹೆಡ್‌ಸೆಟ್ ತೆಗೆದ ಮೇಲೆ

ಕೇಸ್ 12 ನಿಮಿಷ ನಡೆದರೆ ಚರ್ಚೆಗೆ 25 ನಿಮಿಷ ಇಡಿ. ಟೈಂಟೇಬಲ್ಲಿನಲ್ಲಿ ಸಮಯ ಸಾಲದೆ ಯಾವುದನ್ನಾದರೂ ಕತ್ತರಿಸಬೇಕಾದರೆ ಹೆಡ್‌ಸೆಟ್ ಸಮಯ ಕತ್ತರಿಸಿ, ಇದನ್ನಲ್ಲ. ಕಲಿಕೆ ಗಟ್ಟಿಯಾಗುವುದು ಇಲ್ಲೇ. ಇಡೀ ತರಬೇತಿಯಲ್ಲಿ ನನಗೆ ಅತಿ ಪ್ರೀತಿಯ ಭಾಗವೂ ಇದೇ.

ವೃತ್ತವಾಗಿ ಕೂರಿಸಿ. ಮೊದಲ ಸುತ್ತಿನಲ್ಲಿ ಹೆಡ್‌ಸೆಟ್ ಹಾಕಿದವಳು ಮಾತ್ರ ಮಾತಾಡಲಿ. ‘ಹೇಗನಿಸಿತು?’ ಅಷ್ಟೇ ಕೇಳಿ. ಕೆಲವರ ಕೈ ಇನ್ನೂ ನಡುಗುತ್ತಿರುತ್ತದೆ. ಒಬ್ಬೊಬ್ಬರು ಅಳುತ್ತಾರೆ. ಆ ಗಾಬರಿ ಇಳಿಯದೆ ತಲೆಗೆ ಬೇರೇನೂ ಹೋಗುವುದಿಲ್ಲ.

ಎರಡನೇ ಸುತ್ತಿನಲ್ಲಿ ಏನಾಯಿತು ಎಂಬುದನ್ನು ಎಲ್ಲರೂ ಸೇರಿ ಕಟ್ಟಬೇಕು. ಚೆಕ್‌ಲಿಸ್ಟ್ ಹಿಡಿದವರು ಸಮಯ ಹೇಳಲಿ. ‘ರೋಗಿ ವಸಡಿನ ಮಾತು ಹೇಳಿದ್ದು ನಾಲ್ಕನೇ ನಿಮಿಷಕ್ಕೆ, ನೀನು ಬಾಯಿ ನೋಡಿದ್ದು ಏಳನೇ ನಿಮಿಷಕ್ಕೆ.’ ಇಲ್ಲಿ ‘ಯಾಕೆ ನೋಡಲಿಲ್ಲ?’ ಅಂದರೆ ಅದು ಬೈದ ಹಾಗೆ. ಬದಲಿಗೆ ಕಂಡದ್ದು ಹೇಳಿ, ನಿಮ್ಮ ಚಿಂತೆ ಹೇಳಿ, ಆಮೇಲೆ ಕೇಳಿ: ‘ರೋಗಿ ಮಾತಾಡುವಾಗ ನೀನು ಬಿ.ಪಿ. ನೋಡ್ತಾ ಇದ್ದೆ. ಆ ಮಾತು ಜಾರಿ ಹೋಗ್ತದೋ ಅಂತ ನನಗೆ ಚಿಂತೆಯಾಯಿತು. ಆಗ ನಿನ್ನ ತಲೆಯಲ್ಲಿ ಏನು ಓಡ್ತಾ ಇತ್ತು?’ ಒಬ್ಬಳು ‘ಬಿ.ಪಿ. ಸರಿ ಇತ್ತಲ್ಲ ಮೇಡಂ, ಹಾಗಾಗಿ ತೊಂದರೆ ಇಲ್ಲ ಅಂದುಕೊಂಡೆ’ ಅನ್ನಬಹುದು. ಈಗ ನಿಮಗೆ ಅವಳ ತಪ್ಪು ಮಾತ್ರವಲ್ಲ, ತಪ್ಪಿನ ಹಿಂದಿನ ನಂಬಿಕೆಯೂ ಸಿಕ್ಕಿತು. ಬಿ.ಪಿ. ಸರಿ ಇದ್ದಾಗಲೂ ರಕ್ತ ಹೆಪ್ಪುಗಟ್ಟದೆ ಇರಬಹುದು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ. ಚೆನ್ನಾಗಿ ಮಾಡಿದ್ದರ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಸರಿ ಮಾಡಿದವಳಿಗೆ ತಾನು ಯಾಕೆ ಸರಿ ಮಾಡಿದೆ ಅಂತ ಗೊತ್ತಿರುವುದಿಲ್ಲ ಎಷ್ಟೋ ಸಲ.

ಮೂರನೇ ಸುತ್ತು ಚಿಕ್ಕದು. ನಾಳೆ ವಾರ್ಡಿಗೆ ಹೋದಾಗ ಏನನ್ನು ಬೇರೆ ರೀತಿ ಮಾಡುತ್ತೀರಿ? ಒಬ್ಬೊಬ್ಬರೂ ಒಂದು ವಾಕ್ಯ ಬರೆಯಲಿ.

ಚರ್ಚೆ ಯಾವ ಭಾಷೆಯಲ್ಲಿ? ಅವರಿಗೆ ಯೋಚನೆ ಬರುವ ಭಾಷೆಯಲ್ಲಿ. ಇಂಗ್ಲಿಷಿನಲ್ಲೇ ಹೇಳು ಅಂದರೆ ಕನ್ನಡ ಮಾಧ್ಯಮದಿಂದ ಬಂದವರು ಪಾಠದ ಸಾಲು ಒಪ್ಪಿಸಿ ಕೂತುಬಿಡುತ್ತಾರೆ. ಕನ್ನಡ, ತುಳು, ಮಲಯಾಳ ಕಲೆಸಿ ಮಾತಾಡಲಿ. ಫೋನಿನ ವರದಿಯನ್ನು ಮಾತ್ರ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಇನ್ನೊಮ್ಮೆ ಅಭ್ಯಾಸ ಮಾಡಿಸಿ, ಕೆಲಸದಲ್ಲಿ ಅದು ಬೇಕೇ ಬೇಕು. ಗಡಿ ದಾಟಿ ಮಂಗಳೂರಿಗೆ ರೆಫರ್ ಆಗುವ ಕೇಸಿಗೆ ಕನ್ನಡವೂ ಬೇಕು, ನಮ್ಮ ಮಕ್ಕಳಿಗೆ ಅಲ್ಲಿ ಒಂದು ಹೆಜ್ಜೆ ಮುಂದಿರುವ ಅವಕಾಶ ಇದೆ.

ಹೆಜ್ಜೆ 9: ಕೈಗೆ, ಆಮೇಲೆ ವಾರ್ಡಿಗೆ

ಅದೇ ವಾರದಲ್ಲಿ ಅದೇ ಕೇಸಿನ ಕೈಕೆಲಸವನ್ನು ಸ್ಕಿಲ್ ಲ್ಯಾಬಿನಲ್ಲಿ ಮಾಡಿಸಿ. ಡಮ್ಮಿ ಕೈಯಲ್ಲಿ ಕ್ಯಾನುಲಾ (ಡ್ರಿಪ್‌ಗೆ ನರದೊಳಗೆ ಇಡುವ ಸಣ್ಣ ನಳಿಗೆ) ಹಾಕುವುದು, ಆ್ಯಂಟಿ ವೆನಮ್ ಪುಡಿಯನ್ನು ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸುವುದು, ಅಡ್ರಿನಲಿನ್ ಅನ್ನು ಸಿರಿಂಜಿಗೆ ಸರಿಯಾಗಿ ಎಳೆಯುವುದು. ಅವಧಿ ಮುಗಿದ ಅಥವಾ ಖಾಲಿಯಾದ ಬಾಟಲಿಗಳನ್ನು ಫಾರ್ಮಸಿಯಿಂದ ಕೇಳಿ ತನ್ನಿ, ‘ಅಭ್ಯಾಸಕ್ಕೆ ಮಾತ್ರ’ ಅಂತ ಚೀಟಿ ಅಂಟಿಸಿ.

ಮೂರು ವಾರ ಬಿಟ್ಟು ಅದೇ ಕೇಸನ್ನು ಸ್ವಲ್ಪ ಬದಲಿಸಿ ಮತ್ತೆ ಕೊಡಿ. ರೋಗಿ ಈಗ ಹತ್ತು ವರ್ಷದ ಹುಡುಗಿ ಆಗಲಿ. ಹಾವಿನ ವಿಷದ ಪ್ರಮಾಣ ಮಗುವಿಗೂ ಅಷ್ಟೇ ಇರುವುದರಿಂದ ಆ್ಯಂಟಿ ವೆನಮ್ ಡೋಸ್ ದೊಡ್ಡವರಷ್ಟೇ. ಅಡ್ರಿನಲಿನ್ ಮಾತ್ರ ತೂಕ ನೋಡಿ. ಇದನ್ನು ಎಷ್ಟು ಮಂದಿ ಪ್ರಶ್ನೆ ಮಾಡುತ್ತಾರೆ ನೋಡಿ, ಪ್ರಶ್ನೆ ಮಾಡಿದವರಿಗೆ ಶಾಬಾಸ್ ಹೇಳಿ.

ಸಾಫ್ಟ್‌ವೇರ್ ಕೊಡುವ ಅಂಕವನ್ನು ಇಂಟರ್ನಲ್ ಮಾರ್ಕ್ಸಿಗೆ ಸೇರಿಸಬೇಡಿ, ಮೊದಲ ವರ್ಷವಂತೂ ಬೇಡವೇ ಬೇಡ. ಅಂಕದ ಹೆದರಿಕೆ ಬಂದರೆ ಮಕ್ಕಳು ಕಂಪ್ಯೂಟರಿಗೆ ಇಷ್ಟವಾಗುವ ಬಟನ್ ಒತ್ತುವುದನ್ನು ಕಲಿಯುತ್ತಾರೆ. ಫಲ ನೋಡಬೇಕಾದದ್ದು ವಾರ್ಡಿನಲ್ಲಿ. ಇನ್‌ಚಾರ್ಜ್ ಸಿಸ್ಟರಿಗೆ ಒಂದು ಪುಟದ ಹಾಳೆ ಕೊಡಿ: ರೋಗಿಯ ಮಾತನ್ನು ಪೂರ್ತಿ ಕೇಳಿದಳಾ, ಬದಲಾವಣೆಯನ್ನು ತಾನಾಗಿ ಬಂದು ತಿಳಿಸಿದಳಾ, ಹ್ಯಾಂಡೋವರ್ (ರೋಗಿಯ ವಿಷಯವನ್ನು ಇನ್ನೊಬ್ಬರಿಗೆ ಒಪ್ಪಿಸುವುದು) ಕ್ರಮವಾಗಿತ್ತಾ.

ಆ ಹಾಳೆಗಳು ತಿರುಗಿ ಬಂದಾಗ ನಿಮ್ಮ ಎರಡನೇ ಕೇಸ್ ಯಾವುದಾಗಬೇಕು ಅಂತ ತಿಳಿಯುತ್ತದೆ. ಹ್ಯಾಂಡೋವರಿನಲ್ಲೇ ಎಲ್ಲರೂ ಸೋತಿದ್ದರೆ ಹೊಸ ವಿಡಿಯೊ ಕೂಡ ಬೇಡ, ಹಳೆಯ ಕೇಸಿನ ಕೊನೆಯ ತುಂಡನ್ನೇ ಬೇರೆ ಬೇರೆ ಡಾಕ್ಟರ್ ಧ್ವನಿಯಲ್ಲಿ ನಾಲ್ಕು ಸಲ ನಡೆಸಿ. ಮಾಡಿದ ವಿಡಿಯೊಗಳನ್ನು ಪಕ್ಕದ ಕಾಲೇಜಿನವರಿಗೂ ಕೊಡಿ, ಅವರದ್ದನ್ನು ಕೇಳಿ ತನ್ನಿ. ಒಬ್ಬರು ತುಳುವಿನಲ್ಲಿ ಹೆರಿಗೆಯ ಕೇಸ್ ಮಾಡಿದರೆ ಇನ್ನೊಬ್ಬರು ಬ್ಯಾರಿಯಲ್ಲಿ ಮಗುವಿನ ಫಿಟ್ಸ್ ಮಾಡಲಿ. ವರ್ಷಕ್ಕೊಮ್ಮೆ, ಹೊಸ ಬ್ಯಾಚ್ ಬರುವ ಮುಂಚೆ, ಪ್ರತಿ ಕೇಸಿನ ಡೋಸ್ ಮತ್ತು ಕ್ರಮವನ್ನು ಡಾಕ್ಟರ್ ಜೊತೆ ಮತ್ತೆ ಪರಿಶೀಲಿಸಿ, ಹಳೆಯದಾದ ತುಂಡನ್ನು ಅಳಿಸಿ ಹೊಸದಾಗಿ ಶೂಟ್ ಮಾಡಿ.